ರಾಮದುರ್ಗದ ಕೈಮಾತು

ರೇಣು ಕಾಡಪ್ಪ ಎಂಟು ವರ್ಷ ದೇಶದ ಹೆಣ್ಣುಮಕ್ಕಳ ಕ್ರಿಕೆಟ್ ತಂಡದ ನಾಯಕಿಯಾಗಿದ್ದಳು. ಆ ಎಂಟು ವರ್ಷದಲ್ಲಿ ಮೈದಾನದೊಳಗೆ ಅವಳ ದನಿ ಕೇಳಿದವರು ಕಡಿಮೆ. ವಿಕೆಟ್ ಹಿಂದೆ ನಿಂತು ಒಮ್ಮೆ ತೋಳು ಬೀಸುತ್ತಿದ್ದಳು, ಒಮ್ಮೆ ಮೊಣಕಾಲು ಸವರುತ್ತಿದ್ದಳು, ಒಮ್ಮೆ ಭುಜ ತಟ್ಟಿಕೊಳ್ಳುತ್ತಿದ್ದಳು. ಅಷ್ಟರಲ್ಲೇ ಬೌಲರಿಗೂ ಫೀಲ್ಡರಿಗೂ ಎಲ್ಲ ತಿಳಿದುಬಿಡುತ್ತಿತ್ತು, ಎದುರಾಳಿಗೆ ಏನೂ ತಿಳಿಯುತ್ತಿರಲಿಲ್ಲ. ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತ ಪಂಡಿತರು ಅವಳ ಚಿತ್ರವನ್ನು ನಿಲ್ಲಿಸಿ, ಸುತ್ತ ಕೆಂಪು ಗೆರೆ ಎಳೆದು, ಇದು ಯಾವುದೋ ಹೊಸ ಶಾಸ್ತ್ರ ಎಂದರು. ಒಮ್ಮೆ ಆಸ್ಟ್ರೇಲಿಯದಲ್ಲಿ ಅವಳು ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ ತೋರಿಸಿದ್ದಕ್ಕೆ ಊಟದ ವಿರಾಮ ಪೂರ್ತಿ ಚರ್ಚೆ ನಡೆಯಿತು. ರಾಮದುರ್ಗದಲ್ಲಿ ಆ ಚರ್ಚೆ ನೋಡುತ್ತಿದ್ದ ಮಗ್ಗದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕೇಳಿದ್ದು ಇಷ್ಟೇ: ಚಹಾ ಯಾವಾಗ?

ಆ ಕೈಮಾತು ರೇಣು ಹುಟ್ಟಿಸಿದ್ದಲ್ಲ. ರಾಮದುರ್ಗದ ಪವರ್‌ಲೂಮ್ ಶೆಡ್ಡುಗಳಲ್ಲಿ ಹತ್ತಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಅಲ್ಲಿ ಕೆಲಸ ಮಾಡುವವರು ತೋಳಿನಲ್ಲೇ ಮಾತಾಡುತ್ತಾರೆ. ಎರಡೂ ಕೈ ಕೂಡಿಸಿ ಬಿಡಿಸಿದರೆ ಎಳೆ ಹರಿದಿದೆ ಎಂದು ಅರ್ಥ. ಮೊಣಕಾಲು ಸವರಿದರೆ ಲಾಳಿ ಕೆಳಗೆ ಬಿದ್ದಿದೆ. ಭುಜ ತಟ್ಟಿದರೆ ನೂಲಿನ ಕಂಡಿಕೆ ಮುಗಿದಿದೆ, ಬೇರೆ ತಾ. ರೇಣುವಿನ ಅಪ್ಪ ಕಾಡಪ್ಪ ಮಗ್ಗ ಓಡಿಸುತ್ತಿದ್ದ, ಅವ್ವ ಕೆಂಪವ್ವ ಕಂಡಿಕೆ ಸುತ್ತುತ್ತಿದ್ದಳು, ಮಗಳು ಆ ಗದ್ದಲದಲ್ಲಿ ಬೆಳೆದಳು. ಮುಂದೆ ವಿಕೆಟ್ ಹಿಂದೆ ನಿಂತಾಗ ಕೈ ತಾನಾಗಿಯೇ ಎದ್ದಿತು. ಎಳೆ ಹರಿದಿದ್ದು ನಿಧಾನದ ಚೆಂಡಾಯಿತು, ಲಾಳಿ ಬಿದ್ದಿದ್ದು ಕಾಲಬುಡಕ್ಕೆ ಬೀಳುವ ಯಾರ್ಕರ್ ಆಯಿತು, ಕಂಡಿಕೆ ಎದೆಯೆತ್ತರಕ್ಕೆ ಪುಟಿಯುವ ಚೆಂಡಾಯಿತು. ಪಂಜಾಬಿನ ಹುಡುಗಿಗೂ ಕೇರಳದ ಹುಡುಗಿಗೂ ಅವಳು ಅದನ್ನೇ ಕಲಿಸಿದಳು. ದೇಶದ ತಂಡ ರಾಮದುರ್ಗದ ಶೆಡ್ಡಿನ ಮಾತಿನಲ್ಲಿ ಗೆದ್ದುಕೊಂಡು ಬಂತು.

ಆಟದಿಂದ ನಿವೃತ್ತಳಾದ ಮೇಲೆ ರೇಣು ದೊಡ್ಡ ಊರಿನಲ್ಲಿ ಉಳಿಯಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿನ ಹುಡುಗಿಯರಿಗೆ ಪಂದ್ಯಾವಳಿ ಶುರುಮಾಡಿದಳು. ಈ ವರ್ಷ ಇನ್ನೊಂದು ಮಾತು ಹೇಳಿದಳು: ಫೈನಲ್ ಮುಗಿದ ಸಂಜೆ ನಾಲ್ಕೂ ಊರು ಸೇರಿಸಿ ಒಂದು ತಂಡ ಕಟ್ಟುವುದು, ಅದು ರಾಜ್ಯದ ಪಂದ್ಯಕ್ಕೆ ಹೋಗುವುದು, ಅದರ ನಾಯಕಿಯನ್ನು ತಾನೇ ಆರಿಸುವುದು.

ರಾಮದುರ್ಗದ ಮೀನಾಳಿಗೆ ಬೇಕಾಗಿದ್ದು ಆ ನಾಯಕಿಯ ಪಟ್ಟ. ಬೇರೆ ಯಾವುದನ್ನೂ ಅವಳು ಇಷ್ಟು ಬಯಸಿದವಳಲ್ಲ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಶೆಡ್ಡಿಗೆ ಸೇರಿದವಳು, ಊರ ತಂಡದ ವಿಕೆಟ್ ಕೀಪರ್, ನಾಯಕಿ. ನಾಲ್ಕು ಜನ ತನ್ನ ಕಡೆ ತಿರುಗಿದರೆ ಅವಳ ನಾಲಗೆ ಒಣಗುತ್ತಿತ್ತು. ಕಣ್ಣು ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ. ಯಾರು ಯಾವ ಕಾಲ ಮೇಲೆ ಭಾರ ಹಾಕಿ ನಿಂತಿದ್ದಾರೆ, ಯಾರ ಮುಂಗೈ ಬಿಗಿಯಾಗಿದೆ, ಎಲ್ಲವೂ ಅವಳಿಗೆ ಕಾಣುತ್ತಿತ್ತು.

ಫೈನಲ್ ಬೈಲಹೊಂಗಲದಲ್ಲಿ, ಬೈಲಹೊಂಗಲದವರ ಮೇಲೆಯೇ. ಬೆಳಿಗ್ಗೆ ಟಾಸ್‌ಗೆ ಮುಂಚೆ ಪಂದ್ಯಾವಳಿಯ ಕಾರ್ಯದರ್ಶಿ ಭಾರ್ಗವ ಸರ್ ಮೀನಾಳನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ. ಹುಡುಗಿಯರಿಗೆಂದು ಮನೆಯಿಂದ ಮಜ್ಜಿಗೆ ಮಾಡಿಸಿ ತರುವವರು.

“ನೋಡು ಮೀನಾ, ನಿನ್ನ ಆಟದ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ನಾಯಕಿ ಅಂದ್ರ ನಾಲ್ಕು ಮಂದ್ಯಾಗ ಬಾಯಿ ಬಿಟ್ಟು ಮಾತಾಡಬೇಕಾಗ್ತದ. ಕಿತ್ತೂರ ಹುಡುಗ್ಯಾರನ್ನ, ಸವದತ್ತಿ ಹುಡುಗ್ಯಾರನ್ನ ಬರೇ ಕೈಸನ್ನಿಲೆ ಹೆಂಗ ನಡಸ್ತಿ? ಅವರೇನು ಮಗ್ಗ ಕಂಡಾರೇನು? ರೇಣುಗ ನಾ ಶ್ರದ್ಧಾನ ಹೆಸರ ಹೇಳಾಂವ ಇದ್ದೀನಿ. ಮನಸಿಗೆ ಹಚಗೋಬ್ಯಾಡ.”

ರೇಣಕ್ಕ ಪಂಜಾಬಿನವರಿಗೇ ಕಲಿಸಿದಳಲ್ಲ ಎನ್ನಬೇಕೆಂದು ಮೀನಾಳಿಗೆ ಅನ್ನಿಸಿತು. ಆದರೆ ತನ್ನ ಬೂಟಿನ ತುದಿ ನೋಡುತ್ತ ತಲೆಯಾಡಿಸಿದಳು. ಅಷ್ಟರಲ್ಲಿ ಬೈಲಹೊಂಗಲದ ನಾಯಕಿ ಶ್ರದ್ಧಾ, ಬಿ.ಕಾಂ ಓದುವ ಚುರುಕು ಹುಡುಗಿ, ಅತ್ತ ಕಡೆ ತನ್ನ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಭಾಷಣದಂತೆ ಏನೋ ಹೇಳಿ, ಕೊನೆಗೆ ಎಲ್ಲರಿಂದಲೂ ಹೋ ಎನ್ನಿಸಿದಳು.

ರಾಮದುರ್ಗದವರು ಮೊದಲು ಆಡಿ ನೂರಾ ಹದಿನೆಂಟು ರನ್ ಮಾಡಿದರು. ಮೀನಾಳ ಕೈಮಾತು ಇರುವಾಗ ಅಷ್ಟು ಸಾಕಾಗಿತ್ತು. ಹಿಂದಿನ ಪಂದ್ಯದಲ್ಲಿ ಸವದತ್ತಿಯವರನ್ನು ಅದಕ್ಕಿಂತ ಕಡಿಮೆಯಲ್ಲಿ ಕಟ್ಟಿಹಾಕಿದ್ದರು.

ಆದರೆ ಶ್ರದ್ಧಾ ಆಡತೊಡಗಿದಾಗ ಲೆಕ್ಕ ತಪ್ಪಿತು. ಮೀನಾ ಕೈ ಕೂಡಿಸಿ ಬಿಡಿಸಿದಳು. ಪದ್ಮಜಾ ನಿಧಾನದ ಚೆಂಡು ಹಾಕಿದಳು. ಶ್ರದ್ಧಾ ಅದಕ್ಕಾಗಿಯೇ ಕಾದಿದ್ದವಳಂತೆ ನಿಂತು ಬೌಂಡರಿಗೆ ಅಟ್ಟಿದಳು. ಭುಜ ತಟ್ಟಿದಾಗ ಚೆಂಡು ಪುಟಿಯುವ ಮೊದಲೇ ಹಿಂದಕ್ಕೆ ಸರಿದಿದ್ದಳು. ಮೊಣಕಾಲು ಸವರಿದಾಗ ಮುಂದಕ್ಕೆ ಬಂದು, ಬೀಳಬೇಕಾದ ಯಾರ್ಕರನ್ನು ಗಾಳಿಯಲ್ಲೇ ಎತ್ತಿ ಹೊಡೆದಳು.

“ಏನ್ ಕನಸ ಬಿದ್ದಿತ್ತೇನ ಈಕೀಗೆ?” ಎಂದಳು ಪದ್ಮಜಾ, ಸೊಂಟದ ಮೇಲೆ ಕೈಯಿಟ್ಟು.

ಮೀನಾ ಶ್ರದ್ಧಾಳನ್ನೇ ನೋಡಿದಳು. ಪ್ರತಿ ಚೆಂಡಿಗೂ ಮೊದಲು ಶ್ರದ್ಧಾ ಒಂದು ಕ್ಷಣ ಬದಿಗೆ ಕತ್ತು ತಿರುಗಿಸುತ್ತಿದ್ದಳು. ಅಲ್ಲಿ ಬೌಂಡರಿ ಗೆರೆಯಾಚೆ ದೊಡ್ಡ ಬೇವಿನ ಮರ, ಅದರ ಕೆಳಗೆ ಚಾಪೆ ಹಾಸಿಕೊಂಡು ಕೂತ ಹೆಂಗಸರು. ಅವರ ನಡುವೆ ಒಂದು ಕಪ್ಪು ಛತ್ರಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ವಾಲುತ್ತಿತ್ತು. ಮಳೆಯಿಲ್ಲ. ಬಿಸಿಲಿದೆ, ಆದರೆ ಮರದ ಕೆಳಗೆ ದಟ್ಟ ನೆರಳು. ನೆರಳಲ್ಲಿ ಕೂತವರಿಗೆ ಛತ್ರಿ ಯಾಕೆ?

ಮುಂದಿನ ಓವರಿಗೆ ಜಾಗ ಬದಲಿಸುವಾಗ ಮೀನಾ ನಾಲ್ಕು ಹೆಜ್ಜೆ ಆ ಕಡೆ ಬಳಸಿ ನಡೆದಳು. ಛತ್ರಿ ಹಿಡಿದ ಕೈ ತುಂಬ ಹಸಿರು ಬಳೆ. ತಲೆಯ ಮೇಲೆ ಸೆರಗು. ಸೆರಗಿನೊಳಗೆ ಪರಿಚಯದ ಮೂಗು. ಬೀರವ್ವ!

ಮೀನಾಳ ಪಕ್ಕದ ಮಗ್ಗದಲ್ಲಿ ಮೂರು ವರ್ಷ ಕೆಲಸ ಮಾಡಿದ ಬೀರವ್ವ. ರಾಮದುರ್ಗ ತಂಡದ ಎಡಗೈ ಸ್ಪಿನ್ನರ್. ಹೋದ ವರ್ಷ ಬೈಲಹೊಂಗಲಕ್ಕೆ ಕೊಟ್ಟಿದ್ದರು. ಇಡೀ ತಂಡ ಮದುವೆಗೆ ಬಂದು, ಬೂಂದಿ ಎರಡೆರಡು ಸಲ ಹಾಕಿಸಿಕೊಂಡು ಉಂಡು, ಫೋಟೊ ತೆಗೆಸಿಕೊಂಡು ಹೋಗಿತ್ತು. ಈಗ ಅದೇ ಊರಿಗೆ ಕೈಮಾತು ನಂಬಿಕೊಂಡು ಆಡಲು ಬರುವಾಗ, ನಮ್ಮ ಮಾತು ಬಲ್ಲ ಸೊಸೆಯೊಬ್ಬಳು ಇಲ್ಲಿದ್ದಾಳೆ ಎಂದು ಹನ್ನೊಂದು ಜನರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

ಅಂಪೈರಿಗೆ ಹೇಳಬಹುದಿತ್ತು. ಹೇಳಿದರೆ ನಾಲ್ಕು ಊರಿನ ಮುಂದೆ ಬೀರವ್ವನ ಹೆಸರು ಬರುತ್ತದೆ, ಕೊಟ್ಟ ಮನೆಯಲ್ಲಿ ಅವಳ ಗತಿ ಏನು? ಮೀನಾ ಗ್ಲೌಸಿನ ಕೈಯೆತ್ತಿ ಅಷ್ಟು ದೂರದಿಂದಲೇ ಕೇಳಿದಳು. ಅಂಗೈ ಮೇಲೆ ಮಾಡಿ ಎರಡು ಕಡೆ ತೂಗುವುದು ಶೆಡ್ಡಿನಲ್ಲಿ ‘ನೀನು ಯಾವ ಮಗ್ಗದಾಕಿ?’ ಎನ್ನುವ ಪ್ರಶ್ನೆ.

ಬೀರವ್ವ ಬೆಚ್ಚಿದಳು. ಆಮೇಲೆ ಸೆರಗಿನ ಮರೆಯಲ್ಲಿ ಒಂದು ಕೈ ತೆಗೆದು ಇಲ್ಲದ ಮೀಸೆಯನ್ನು ತಿರುವಿದಳು. ಮಾಲಕರು ಶೆಡ್ಡಿಗೆ ಬಂದರೆಂದು ಎಚ್ಚರಿಸುವ ಸನ್ನೆ ಅದು. ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿತು. ಪಕ್ಕದಲ್ಲಿ ಅವಳ ಅತ್ತೆ ಸೋಮವ್ವ, ಎಲೆ ಅಡಿಕೆ ಜಗಿಯುತ್ತ, ಮೈದಾನ ತನ್ನ ಹೆಸರಿಗೇ ಇದೆ ಎಂಬಂತೆ ಕೂತಿದ್ದಳು. ಸೋಮವ್ವ ಮತ್ತು ಮೀಸೆ ಎರಡನ್ನೂ ಕೂಡಿಸಿಕೊಂಡು ಮೀನಾಳಿಗೆ ಹೆಲ್ಮೆಟ್ಟಿನೊಳಗೆ ನಗು ಬಂತು.

ನಡೆದದ್ದು ಸುಲಭವಾಗಿ ತಿಳಿಯುವಂಥದು. ಹಿಂದಿನ ಯಾವುದೋ ಪಂದ್ಯ ನೋಡುತ್ತ ‘ಆ ಹುಡುಗಿ ಕೈಲೆ ಏನ ಮಾಡಾಕತ್ತೈತಿ?’ ಎಂದು ಅತ್ತೆ ಕೇಳಿರಬೇಕು, ಸೊಸೆ ಹೆಮ್ಮೆಯಿಂದ ಬಿಡಿಸಿ ಹೇಳಿರಬೇಕು. ಅಲ್ಲಿಗೆ ಮುಗಿಯಿತು. ಶ್ರದ್ಧಾ ಸೋಮವ್ವನ ಓಣಿಯ ಹುಡುಗಿ.

ನೀರಿನ ವಿರಾಮದಲ್ಲಿ ಮೀನಾ ತನ್ನ ಹುಡುಗಿಯರಿಗೆ ಛತ್ರಿಯ ವಿಷಯ ಹೇಳಿದಳು. ಪದ್ಮಜಾ ಬಾಟಲಿ ನೆಲಕ್ಕೆ ಕುಕ್ಕಿದಳು.

“ಎಲಾ ಇಕೀನ! ಮಾಡು ಹಂಗಾರ ಉಲ್ಟಾ ಸನ್ನಿ! ನೀ ಭುಜಾ ತಟ್ಟು, ನಾ ಕಾಲಬುಡಕ ಹಾಕತೇನಿ. ಒಂದ ಓವರಿನ್ಯಾಗ ಆಟಾ ಖಲಾಸ್.”

“ಸುಳ್ಳ ಸನ್ನಿ ನಾ ಮಾಡೂದಿಲ್ಲ.”

“ಇದೇನ ಶೆಡ್ಡೇನ? ಆಟ ಐತಿ.”

“ಕೈ ಅದs ಐತೆಲ್ಲ,” ಎಂದಳು ಮೀನಾ.

ಪದ್ಮಜಾ ಬಾಟಲಿ ಎತ್ತಿಕೊಂಡಳು. ಅವಳೂ ಮಗ್ಗದವಳೇ. ಸೆರಗು ಮಗ್ಗದ ಪಟ್ಟಿಗೆ ಸಿಕ್ಕಿತೆಂದರೆ ದೂರದಿಂದ ಏಳುವ ಒಂದು ಕೈಯೇ ಜೀವ ಉಳಿಸಬೇಕು. ಆ ಕೈಯನ್ನು ಎರಡನೆಯ ಸಲ ನೋಡದೆ ನಂಬಬೇಕು. ಒಮ್ಮೆ ಸುಳ್ಳಾಡಿದ ಕೈಯನ್ನು ಮರುದಿನ ಯಾರು ನಂಬುತ್ತಾರೆ?

“ಮತ್ತೇನ ಮಾಡೂದು? ಸೋಲೂದು?”

“ಆಕಿ ಬ್ಯಾಟ್ ಹಿಡಕೊಂಡು ಎಲ್ಲಿ ನೋಡಾಕತ್ತಾಳು? ಛತ್ರಿ ಕಡೆ,” ಮೀನಾ ಮೆಲ್ಲಗೆ ಹೇಳಿದಳು. “ನೀವು ನಿಂತಾಗ ನಾ ಸನ್ನಿ ಮಾಡೂದಿಲ್ಲ. ಓಡಿ ಬರೂವಾಗ ಮಾಡತೇನಿ, ಅರ್ಧಕ್ಕ ಬಂದಾಗ. ನಿಮಗ ನಾ ಎದುರಿಗೇ ಕಾಣಸ್ತೇನಿ. ಬೀರಿ ನೋಡಿ, ಛತ್ರಿ ಎತ್ತಿ, ಶ್ರದ್ಧಾ ತಿರುಗಿ ನೋಡೂದ್ರಾಗ…”

“ಚೆಂಡು ಬಂದಿರತೈತಿ!” ಪದ್ಮಜಾ ಅವಳ ಬೆನ್ನಿಗೆ ಗುದ್ದಿದಳು. “ಎಷ್ಟ ಸಾವಕಾಶ ಇರ್ತಿ ನೀ, ಎಂಥಾ ಖತರ್ನಾಕ್ ಅದೀಯವಾ!”

ಆಟ ಮತ್ತೆ ಶುರುವಾಯಿತು. ಪದ್ಮಜಾ ಚೆಂಡು ಉಜ್ಜುತ್ತ ನಿಂತಳು. ಮೀನಾ ಕೈ ಕಟ್ಟಿ ನಿಂತಳು. ಶ್ರದ್ಧಾ ಮರದ ಕಡೆ ನೋಡಿದಳು, ಛತ್ರಿ ಮುಚ್ಚಿಯೇ ಇತ್ತು. ಪದ್ಮಜಾ ಓಡತೊಡಗಿದಳು. ಅರ್ಧ ದಾರಿಯಲ್ಲಿ ಮೀನಾಳ ಕೈ ಮೊಣಕಾಲು ಸವರಿತು. ಮರದ ಕೆಳಗೆ ಛತ್ರಿ ಗಡಬಡಿಸಿ ತೆರೆಯಿತು. ಶ್ರದ್ಧಾ ಅದನ್ನು ನೋಡಿದಳು, ಅರ್ಥವನ್ನೂ ಮಾಡಿಕೊಂಡಳು. ತಿರುಗುವಷ್ಟರಲ್ಲಿ ನಡುವಿನ ಸ್ಟಂಪು ಮೀನಾಳ ಕಾಲ ಬಳಿ ಬಂದು ಬಿದ್ದಿತ್ತು.

ಶ್ರದ್ಧಾ ಸ್ಟಂಪನ್ನು ನೋಡಿದಳು, ಮರವನ್ನು ನೋಡಿದಳು, ಮೀನಾಳನ್ನು ನೋಡಿದಳು. “ಗೊತ್ತಾತೇನು?” ಎಂದಳು. ಮೀನಾ ತಲೆಯಾಡಿಸಿದಳು. “ಛೇ!” ಎಂದು ಶ್ರದ್ಧಾ ಬ್ಯಾಟು ಕಂಕುಳಲ್ಲಿ ಸಿಕ್ಕಿಸಿ ಹೊರಟಳು, ಅರ್ಧ ಸಿಟ್ಟು, ಅರ್ಧ ನಗೆ.

ಮುಂದೆ ಬಂದವರಿಗೂ ಛತ್ರಿಯನ್ನು ನೋಡುವ ಚಟ ಬಿಡಲಿಲ್ಲ. ಬಾಯಿ ಬಿಟ್ಟು ಕಾಯುತ್ತಿದ್ದರು, ಸುದ್ದಿ ತಡವಾಗಿ ಬರುತ್ತಿತ್ತು. ಸೋಮವ್ವನ ಗಂಟಲು ಮೈದಾನದ ನಡುವಿಗೇ ಕೇಳಿಸಿತು.

“ಲಗೂ ಎತ್ತs! ಸತ್ತವರಂಗ ಯಾಕ ಹಿಡದಿ?”

“ನಾ ಏನ ಮಾಡ್ಲೆರಿ ಅತ್ತಿ, ಆಕೀನ ತಡಾ ಮಾಡಾಕತ್ತಾಳ!”

“ತಾ ಇಲ್ಲೆ, ನಾ ಹಿಡೀತೇನಿ. ಸೊಸಿ ಮ್ಯಾಲ ಬಿಟ್ರ ಒಂದ ಕೆಲಸ ನೆಟ್ಟಗ ಆಗೂದಿಲ್ಲ.”

ಛತ್ರಿ ಅತ್ತೆಯ ಕೈಗೆ ಹೋಯಿತು. ಆಮೇಲೆ ಅದು ತೆರೆದಾಗ ಏನು, ಮುಚ್ಚಿದಾಗ ಏನು ಎಂಬುದು ಭೂಮಿಯ ಮೇಲೆ ಯಾರಿಗೂ ತಿಳಿಯದಂತಾಯಿತು. ಒಬ್ಬಳು ಪುಟಿಯುವ ಚೆಂಡಿಗೆಂದು ಬಾಗಿ ಕೂತು ನಿಧಾನದ ಚೆಂಡಿಗೆ ಬೌಲ್ಡ್ ಆದಳು. ಇನ್ನೊಬ್ಬಳು ಯಾರ್ಕರಿಗೆಂದು ಮುಂದೆ ಬಂದು ಹೆಲ್ಮೆಟ್ಟಿಗೆ ತಾಗಿಸಿಕೊಂಡಳು. ಮೀನಾಳ ಕೈ ಒಮ್ಮೆಯೂ ಸುಳ್ಳು ಹೇಳಲಿಲ್ಲ.

ಕೊನೆಯ ಜೋಡಿಗೆ ಬಂದವಳು ಸಂಗೊಳ್ಳಿಯಿಂದ ಬಂದು ಬೈಲಹೊಂಗಲಕ್ಕೆ ಆಡುವ ಗಟ್ಟಿ ರಟ್ಟೆಯ ಹುಡುಗಿ. ಅವಳಿಗೆ ಛತ್ರಿಯ ವಿಷಯ ಯಾರೂ ಹೇಳಿರಲಿಲ್ಲ. ಯಾರನ್ನೂ ನೋಡದೆ, ಬಂದ ಚೆಂಡಿಗೆಲ್ಲ ಕಟ್ಟಿಗೆ ಒಡೆದಂತೆ ಬೀಸಿದಳು. ಎರಡು ಬೌಂಡರಿ ಹೋದವು. ಬೈಲಹೊಂಗಲದವರು ಎದ್ದು ನಿಂತರು. ಇನ್ನೊಂದು ಬೌಂಡರಿ ಹೋದರೆ ಪಂದ್ಯವೂ ಹೋಯಿತು, ಅದರ ಹಿಂದೆ ನಾಯಕಿಯ ಪಟ್ಟವೂ ಹೋಯಿತು. ಮೀನಾ ಆ ಹುಡುಗಿಯ ಕಾಲು ನೋಡಿದಳು. ಬೀಸುವ ಆತುರಕ್ಕೆ ಹಿಂದಿನ ಹಿಮ್ಮಡಿ ಪ್ರತಿ ಸಲವೂ ಗೆರೆ ಬಿಟ್ಟು ಮೇಲೇಳುತ್ತಿತ್ತು. ಪದ್ಮಜಾ ಓಡಿ ಬರುವಾಗ ಮೀನಾ ಎರಡೂ ಕೈ ಕೂಡಿಸಿ ಬಿಡಿಸಿದಳು. ಚೆಂಡು ತೇಲಿಕೊಂಡು ಬಂತು. ಅದು ಬರುವ ಮೊದಲೇ ಬ್ಯಾಟು ಬೀಸಿಹೋಗಿತ್ತು. ಮೀನಾ ಚೆಂಡು ಹಿಡಿದು ಬೇಲ್ಸ್ ಎಗರಿಸಿದಾಗ ಹುಡುಗಿಯ ಹಿಮ್ಮಡಿ ಇನ್ನೂ ಗಾಳಿಯಲ್ಲಿತ್ತು.

ರಾಮದುರ್ಗ ಮೂರು ರನ್ನಿನಿಂದ ಗೆದ್ದಿತು.

ಬಹುಮಾನಕ್ಕೆ ಮುಂಚೆ ರೇಣು ಶಾಮಿಯಾನದ ಹಿಂದೆ ಮೀನಾಳನ್ನೂ ಶ್ರದ್ಧಾಳನ್ನೂ ಕರೆಸಿದಳು. ಟಿವಿಯಲ್ಲಿ ಕಂಡಷ್ಟು ಎತ್ತರವಿಲ್ಲ. ಟ್ರ್ಯಾಕ್ ಪ್ಯಾಂಟು, ರಬ್ಬರ್ ಚಪ್ಪಲಿ, ಕೈಯಲ್ಲಿ ಚಹಾದ ಕಪ್ಪು. ಭಾರ್ಗವ ಸರ್ ಪಕ್ಕದಲ್ಲಿ ನಿಂತಿದ್ದರು.

“ಛತ್ರಿ ನಾನೂ ನೋಡಿದೆ,” ಎಂದಳು ರೇಣು ನಗುತ್ತ. “ನಾಯಕೀನ್ನ ಆರಸಾಕ ಬಂದಾಕಿ, ನಡುವ ಬಾಯಿ ಹಾಕಬಾರದಂತ ಸುಮ್ಮಕ ಕುಂತೆ. ಈಗ ನನ್ನ ಒಂದ ಮಾತಿಗೆ ಜವಾಬು ಕೊಡ್ರಿ. ಹೊಸ ಟೀಮಿಗೆ ನೀವ ನಾಯಕಿ ಆದ್ರಿ ಅಂತ ತಿಳೀರಿ. ಮೊದಲ ಯಾರನ್ನ ತಗೋತೀರಿ?”

ಶ್ರದ್ಧಾ ತಡಮಾಡಲಿಲ್ಲ. “ಕಿತ್ತೂರ ಟೀಮಿನ ಫಾಸ್ಟ್ ಬೌಲರ್‌ನ್ನ ತಗೋತೇನ್ರಿ ಅಕ್ಕಾ. ಎಂ.ಕೆ. ಹುಬ್ಬಳ್ಳಿ ಊರಿನ ಹುಡುಗಿ. ಆಕಿ ಅಷ್ಟು ಜೋರ ಯಾರೂ ಹಾಕೂದಿಲ್ಲ.”

ಒಳ್ಳೆಯ ಉತ್ತರ. ಭಾರ್ಗವ ಸರ್ ಮೆಚ್ಚಿ ತಲೆಯಾಡಿಸಿದರು. ಎಲ್ಲರೂ ಮೀನಾಳ ಕಡೆ ತಿರುಗಿದರು. ನಾಲಗೆ ಎಂದಿನಂತೆ ಒಣಗಿತು. ಒಣಗಿದ ನಾಲಗೆಯಲ್ಲೇ ಅವಳು ಹೇಳಿದಳು. “ಬೀರವ್ವನ್ನ ತಗೋತೇನ್ರಿ.”

“ಯಾವ ಬೀರವ್ವ? ಯಾವ ಟೀಮು?” ಭಾರ್ಗವ ಸರ್ ಕನ್ನಡಕ ಏರಿಸಿಕೊಂಡರು.

“ಛತ್ರಿ ಟೀಮು, ಸರ್,” ಎಂದಳು ಶ್ರದ್ಧಾ.

ರೇಣು ಚಹಾ ಕೆಳಗಿಟ್ಟಳು. “ಯಾಕ?”

“ಎಡಗೈ ಸ್ಪಿನ್ನರ್ರಿ, ನಾಕೂ ಊರಾಗ ಅಂಥಾಕಿ ಮತ್ತೊಬ್ಬಾಕಿ ಇಲ್ಲ. ಮ್ಯಾಲ ಅಷ್ಟ ದೂರದಿಂದ ನನ್ನ ಕೈ ಓದಿದ್ಲು, ಒಂದೂ ತಪ್ಪಲಿಲ್ಲ.” ಮೀನಾ ಉಸಿರು ತೆಗೆದುಕೊಂಡು ಭಾರ್ಗವ ಸರ್ ಕಡೆ ತಿರುಗಿದಳು. “ಕಿತ್ತೂರವರಿಗೆ, ಸವದತ್ತಿಯವರಿಗೆ ಕೈಮಾತ ಬರೂದಿಲ್ಲ ಅಂದ್ರೆಲ್ಲರಿ ಸರ್. ನಾ ಒಬ್ಬಾಕಿ ಕಲಸಾಕ ವರ್ಷ ಬೇಕು. ಇಬ್ಬರಾದ್ರ ಒಂದ ತಿಂಗಳು. ಬೈಲಹೊಂಗಲದಾಕಿ ಕಲಿಸಿದ್ರ ಇಲ್ಲಿಯವರು ಇಲ್ಲಾ ಅನ್ನೂದಿಲ್ಲ.”

ಭಾರ್ಗವ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಅದs ಖರೆ,” ಎಂದಳು ರೇಣು. “ಆದ್ರ ಆಕಿ ಅತ್ತಿ ಬಿಡಬೇಕೆಲ್ಲ. ಆಕೀಗೆ ಶೆಡ್ಡಿನ ಮಾತ ತಿಳೀದು. ಹೋಗಿ ಬಾಯಿಲೆ ಕೇಳು. ಕೇಳಿಕೊಂಡ ಬಾ, ಆಮ್ಯಾಲ ನಾ ಹೆಸರ ಹೇಳತೇನಿ.”

ಮೀನಾ ಬೇವಿನ ಮರದ ಕಡೆ ನಡೆದಳು. ಹೆಂಗಸರೆಲ್ಲ ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಬೀರವ್ವ ಛತ್ರಿಯ ಹಿಂದೆ ಮುಖ ಮುಚ್ಚಿಕೊಂಡಳು.

“ಏನವಾ,” ಎಂದಳು ಸೋಮವ್ವ, “ನನ್ನ ಛತ್ರಿ ಮ್ಯಾಲ ಕೇಸ್ ಹಾಕಾಕ ಬಂದೀಯೇನು?”

“ಇಲ್ರಿ ಆಯಿ. ನಿಮ್ಮ ಸೊಸೀನ್ನ ಕೇಳಾಕ ಬಂದೇನಿ.”

“ಕೊಟ್ಟ ಹುಡುಗೀನ್ನ ತವರವರು ವಾಪಸ್ ಕೇಳಿದ್ದು ನಾ ಎಲ್ಲೂ ಕಂಡಿಲ್ಲ ನೋಡು!” ಹೆಂಗಸರು ಗೊಳ್ಳೆಂದು ನಕ್ಕರು.

ಮೀನಾಳ ಕಿವಿ ಬಿಸಿಯಾಯಿತು. ಓಡಿಹೋಗಬೇಕೆನ್ನಿಸಿತು, ಓಡಲಿಲ್ಲ. “ತವರಿಗಲ್ರಿ, ನಾಕೂ ಊರಿನ ಟೀಮಿಗೆ. ಬೈಲಹೊಂಗಲದ ಹೆಸರಲೇ ಆಡತಾಳ. ಐತವಾರಕ್ಕೊಮ್ಮೆ ಬಿಡ್ರಿ, ಸಾಕು.”

“ಐತವಾರ ರೊಟ್ಟಿ ಯಾರ ಬಡೀಬೇಕು, ನೀ ಬರ್ತೀಯೇನು?”

“ನಾ ಬಡದ ರೊಟ್ಟಿ ನಿಮಗ ಹೋಗೂದಿಲ್ರಿ, ನಮ್ಮವ್ವನೇ ಉಣ್ಣೂದಿಲ್ಲ.” ನಗೆ ಈಗ ಮೀನಾಳ ಕಡೆ ವಾಲಿತು. ಅವಳು ಅಲ್ಲಿಯೇ ಮುಂದುವರಿದಳು. “ಆಯಿ, ಸಿಟ್ಟಿಗೇಳಬ್ಯಾಡ್ರಿ. ಛತ್ರಿ ಬೀರವ್ವನ ಕೈಯಾಗ ಇರೂತನಾ ಬೈಲಹೊಂಗಲ ಗೆಲ್ಲಾಕತ್ತಿತ್ತು. ನೀವ ಕಸಗೊಂಡ್ರಿ, ನಾವ ಗೆದ್ವಿ.”

ಸೋಮವ್ವ ಬಾಯಿಯ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಆಮೇಲೆ ಮೈಯೆಲ್ಲ ಅಲುಗುವಂತೆ ನಕ್ಕು, ಸೊಸೆಯ ಛತ್ರಿ ಎಳೆದಳು.

“ಏ ಬೀರಿ, ಇಷ್ಟ ಆಟ ಬರತೈತಿ ಅಂತ ನನಗ ಯಾಕ ಹೇಳಲಿಲ್ಲ?”

“ನೀವ ಕೇಳಲಿಲ್ಲರಿ ಅತ್ತಿ.”

“ಹೋಗು, ಆಡು. ಐತವಾರ ಮೊದಲs ಬಡದಿಟ್ಟ ಕಟಿ ರೊಟ್ಟಿ ತಿಂತೇವಿ.” ಮೀನಾಳ ಕಡೆ ಬೆರಳು ತೋರಿಸಿದಳು. “ಆದ್ರ ನನಗೂ ಆ ಕೈಮಾತ ಕಲಸಬೇಕು ನೀವು. ರಾಜ್ಯದ ಆಟದಾಗ ನಾ ಮತ್ತ ಛತ್ರಿ ತಪ್ಪ ಹಿಡದ್ರ ಮಾನ ಹೋಗತೈತಿ.”

ಮೀನಾ ಹಿಂದಿರುಗಿದಾಗ ರೇಣು ವೇದಿಕೆ ಹತ್ತಿಯಾಗಿತ್ತು. ಮೇಲಿನಿಂದಲೇ ಅಂಗೈ ತಿರುಗಿಸಿ, ಏನಾಯಿತು ಎಂದು ಕೇಳಿದಳು.

“ಬರ್ತಾಳಂತ್ರಿ ಅಕ್ಕಾ,” ಎಂದಳು ಮೀನಾ, ಬಾಯಿಯಲ್ಲೇ, ಶಾಮಿಯಾನದ ಕೊನೆಯವರೆಗೂ ಕೇಳುವಂತೆ.

ರೇಣು ಮೈಕಿನಲ್ಲಿ ಮೀನಾಳ ಹೆಸರು ಹೇಳಿದಳು, ಉಪನಾಯಕಿಯೆಂದು ಶ್ರದ್ಧಾಳ ಹೆಸರು ಹೇಳಿದಳು. ಭಾರ್ಗವ ಸರ್ ಶಾಲು ಹೊದಿಸಿ, ಮೈಕನ್ನು ಹೊಸ ನಾಯಕಿಯ ಕೈಗಿಟ್ಟು, ನಾಲ್ಕು ಮಾತು ಹೇಳವಾ ಎಂದರು. ಅವರ ಮುಖದಲ್ಲಿ ಇನ್ನೂ ಸ್ವಲ್ಪ ಅಳುಕಿತ್ತು.

ಮೀನಾ ಮುಂದೆ ನೋಡಿದಳು. ಎಲ್ಲ ಕಣ್ಣೂ ತನ್ನ ಮೇಲೆ. ಕಿತ್ತೂರಿನವರು ಚೀಲ ಕಟ್ಟುತ್ತ ಬಸ್ಸಿಗೆ ತಡವಾಯಿತೆಂದು ಚಡಪಡಿಸುತ್ತಿದ್ದುದೂ ಅವಳಿಗೆ ಕಂಡಿತು.

“ಬರೂ ಐತವಾರ ಹತ್ತ ಗಂಟೆಕ್ಕ ಸವದತ್ತಿ ಮೈದಾನಕ್ಕ ಬರ್ರಿ,” ಎಂದಳು. “ಕಿತ್ತೂರವರು ಮೊದಲನೆ ಬಸ್ಸ ಹಿಡೀರಿ. ಬಳಿ ತಗದು ಬರ್ರಿ, ಚೆಂಡ ಬಡದ್ರ ಒಡೀತಾವು. ತಡಾ ಮಾಡಿದವರು ಮೈದಾನ ಸುತ್ತ ಓಡಬೇಕು, ನಾ ಆದ್ರೂ ಅಷ್ಟ.”

ಅಷ್ಟು ಹೇಳಿ ಮೈಕನ್ನು ಭಾರ್ಗವ ಸರ್ ಕೈಗೆ ಕೊಟ್ಟು, ವೇದಿಕೆಯಿಂದಿಳಿದು, ಸ್ಟಂಪು ಕಿತ್ತುತರಲು ಮೈದಾನದ ಕಡೆ ಹೋದಳು.